ದಂಡನಾಯಕ ಅಮೃತಪ್ಪನವರ ವಂಶಾವಳಿ

ವಾದಿರಾಜರು ಕಾಶಿಗೆ ಹೋಗದೆ ಇದ್ದಿದ್ದರೆ ಅಮೃತಪ್ಪನವರು ಇವತ್ತಿಗೂ ಯಾವ ದೊಡ್ಡ ಮನುಷ್ಯರ ವಂಶಸ್ಥರೂ ಆಗದೆ ನೆಮ್ಮದಿಯಾಗಿ ಇರುತ್ತಿದ್ದರು. ಆದರೆ ವಾದಿರಾಜರು ವಿಮೆ ಕಚೇರಿಯಿಂದ ನಿವೃತ್ತರಾದವರು. ನಿವೃತ್ತರಾದವರು ಕಾಶಿಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತಾರೆ? ಹೋದರು, ಬಂದರು. ಬಂದ ಮರುದಿನವೇ ಕೃಷ್ಣರಾಜಪುರದ ಬಡಾವಣೆಯ ಪಾರ್ಕಿನಲ್ಲಿ, ಯಾವಾಗಲೂ ಕೂರುವ ಕಲ್ಲುಬೆಂಚಿನ ಮೇಲೆ, ಗಂಗಾಜಲದ ಪುಟ್ಟ ತಂಬಿಗೆಯನ್ನು ಅಮೃತಪ್ಪನವರ ಕೈಗಿಟ್ಟು ಮಾತು ಶುರು ಮಾಡಿದರು.

"ಅಲ್ಲಿಯ ಪಂಡಾ ನಮ್ಮ ಏಳು ತಲೆಮಾರಿನ ಹೆಸರು ಗಡಗಡ ಓದ್ಬಿಟ್ಟ ಕಣ್ರೀ. ನಮ್ಮ ಮುತ್ತಾತನ ತಾತ ಸಂಸ್ಥಾನದಲ್ಲಿ ದೊಡ್ಡ ಲೆಕ್ಕಾಧಿಕಾರಿ ಆಗಿದ್ರಂತೆ. ರಕ್ತದಲ್ಲೇ ಬಂದಿದೆ ನೋಡಿ. ಅಂದಹಾಗೆ ನಿಮ್ಮ ಹಿರಿಯರು ಏನ್ ಮಾಡ್ಕೊಂಡಿದ್ರು ಅಮೃತಪ್ಪನೋರೇ?"

ಅಮೃತಪ್ಪನವರಿಗೆ ತಮ್ಮ ಹಿರಿಯರ ವಿಷಯದಲ್ಲಿ ಗೊತ್ತಿದ್ದುದು ಎರಡೇ. ಅಪ್ಪನ ಹೆಸರು ಚಂದ್ರಾಮಪ್ಪ. ಅಪ್ಪನ ಊರು ಭೀಮಾ ನದಿಯ ಕಡೆಯ ನೀರಲಕೇರಿ. ಅಪ್ಪ ಬೆಂಗಳೂರಿಗೆ ಬಂದು ಟೆಲಿಫೋನ್ ಮಾಡುವ ಕಾರ್ಖಾನೆ ಸೇರಿದರು, ಆಮೇಲೆ ಊರಿನ ಹೆಸರೆತ್ತಿದರೆ ಎದ್ದು ಹೋಗಿ ಗಿಡಕ್ಕೆ ನೀರು ಹಾಕುತ್ತಿದ್ದರು. ಒಮ್ಮೆಯೂ ಮಗನನ್ನು ಊರಿಗೆ ಕರೆದುಕೊಂಡು ಹೋಗಲಿಲ್ಲ. ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಕೊಡುತ್ತಾ ಅಮೃತಪ್ಪನವರೂ ನಿವೃತ್ತರಾದರು. ಇಷ್ಟನ್ನು ಇದ್ದ ಹಾಗೆ ಹೇಳಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ದಂಡನಾಯಕರು," ಎಂದರು ಅಮೃತಪ್ಪನವರು.

ಯಾಕೆ ಹಾಗೆ ಹೇಳಿದರೋ ಅವರಿಗೇ ಗೊತ್ತಿಲ್ಲ. ಕೆಮ್ಮು ಬರುತ್ತದಲ್ಲ, ಹಾಗೆ ಬಂತು.

ವಾದಿರಾಜರು ಕನ್ನಡಕ ಸರಿಮಾಡಿಕೊಂಡರು. "ದಂಡನಾಯಕರು ಅಂದ್ರೆ, ಎಲ್ಲಿ?"

"ಅರಮನೇಲಿ."

"ಯಾವ ಅರಮನೆ?"

"ನಮ್ಮ ಕಡೇದು."

"ಸರಿ, ದಾಖಲೆ ಏನಾದ್ರೂ ಇದ್ಯಾ? ನಮಗೆ ಪಂಡಾ ಇದ್ದಾನಪ್ಪ."

"ನಮಗೆ ಹೆಳವರು ಇದಾರೆ!" ಎಂದುಬಿಟ್ಟರು ಅಮೃತಪ್ಪನವರು.

ಇದು ಮಾತ್ರ ಅಪ್ಪಟ ಸತ್ಯ. ಉತ್ತರದ ಜಿಲ್ಲೆಗಳಲ್ಲಿ ಮನೆತನಗಳ ವಂಶಾವಳಿಯನ್ನು ಬಾಯಲ್ಲಿಟ್ಟುಕೊಂಡು, ಸುಗ್ಗಿ ಮುಗಿದ ಮೇಲೆ ಊರೂರಿಗೆ ಬಂದು ಮನೆ ಮುಂದೆ ನಿಂತು ಹೇಳುವವರು ಹೆಳವರು. ಯಾರ ಮಗ ಯಾರು, ಯಾವ ಊರಿನಿಂದ ಯಾವ ಊರಿಗೆ ಬಂದರು, ಏನು ಮಾಡಿಕೊಂಡಿದ್ದರು ಎಲ್ಲವನ್ನೂ ಹೇಳುತ್ತಾರೆ. ಈ ಸಂಗತಿಯನ್ನು ಅಮೃತಪ್ಪನವರು ಮನೆಕೆಲಸಕ್ಕೆ ಬರುವ ಸಾಬಮ್ಮನ ಬಾಯಲ್ಲಿ ಕೇಳಿದ್ದರು. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುವ ಹೆಳವ ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಎಲ್ಲಿಂದ ಬರಬೇಕು ಎಂಬುದೇ ಅವರ ಧೈರ್ಯ.

ಈ ಮಾತು ಕಲ್ಲುಬೆಂಚಿನಲ್ಲೇ ಉಳಿಯಬಹುದಿತ್ತು. ಆದರೆ ವಾದಿರಾಜರಿಗೆ ಹಲಸೂರಿನ ಮುನಿರಾಜಪ್ಪ ಹಳೆಯ ಪಾಲಿಸಿದಾರ. ಮುನಿರಾಜಪ್ಪ ಎಂದರೆ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆ ಕೊಡುವ ದೊಡ್ಡ ಅಂಗಡಿಯ ಯಜಮಾನ. ಅಮೃತಪ್ಪನವರ ಮಗಳು ಸುಜಾತಾ ಮದುವೆಯಾಗಬೇಕೆಂದಿರುವ ಲೋಹಿತನ ತಂದೆಯೂ ಅವನೇ. ಲೋಹಿತ ಮತ್ತು ಸುಜಾತಾ ಮಹದೇವಪುರದ ಒಂದೇ ಆಫೀಸಿನವರು. ಆಫೀಸಿನ ಸುತ್ತ ನೀರು ನಿಂತ ಒಂದು ದಿನ ಕಂಪನಿಯವರು ಇಬ್ಬರನ್ನೂ ಒಂದೇ ಟ್ರ್ಯಾಕ್ಟರಿಗೆ ಹತ್ತಿಸಿ ಕಳಿಸಿದ್ದರು. ನೀರು ಇಳಿಯಿತು, ಇವರು ಟ್ರ್ಯಾಕ್ಟರಿನಿಂದ ಮನಸ್ಸಿನಲ್ಲಿ ಇಳಿದಿರಲಿಲ್ಲ. ಮುನಿರಾಜಪ್ಪ ಮಾತ್ರ, "ಯಾವ ಕಡೆಯವರೋ, ಏನ್ ಮೂಲವೋ, ವಿಚಾರಿಸ್ಬೇಕು" ಎಂದು ತಿಂಗಳುಗಟ್ಟಲೆ ಎಳೆಯುತ್ತಿದ್ದ.

ವಾದಿರಾಜರು ಫೋನು ಮಾಡಿದ ಸಂಜೆಯೇ ಮುನಿರಾಜಪ್ಪ ಅಮೃತಪ್ಪನವರ ಮನೆಗೆ ಬಂದ. ಕೈಯಲ್ಲಿ ಹಣ್ಣಿನ ಬುಟ್ಟಿ.

"ಏನ್ ಸ್ವಾಮಿ, ಇಷ್ಟು ದೊಡ್ಡ ವಿಷಯ ಬಚ್ಚಿಟ್ಕೊಂಡು ಕೂತಿದೀರಲ್ಲ! ದಂಡನಾಯಕರು ಅಂದ್ರೆ ಸುಮ್ನೇನಾ? ನಮ್ಮದೂ ಹಲಸೂರಲ್ಲಿ ಹಳೇ ಮನೆತನ. ನಾನು ಒಪ್ದೆ. ಬರೋ ಭಾನುವಾರ ನಿಮ್ಮ ಮನೇಲೇ ಒಪ್ಪಿಗೆ ಶಾಸ್ತ್ರ ಇಟ್ಕೊಳೋಣ. ನಿಮ್ಮ ಹೆಳವರು ಇದಾರಂತಲ್ಲ, ಅವತ್ತೇ ಕರೆಸಿ. ನಮ್ಮ ಜನ ಎಲ್ಲ ಕೇಳ್ಲಿ."

ಅಮೃತಪ್ಪನವರು ಹಣ್ಣಿನ ಬುಟ್ಟಿಯನ್ನು ಮೆಲ್ಲಗೆ ಅವನ ಕಡೆಗೇ ಸರಿಸಿದರು. "ಹೆಳವರು ಈಗ ಎಲ್ಲಿದಾರೋ ಏನೋ ಬೀಗ್ರೇ. ದೇಶಾಂತರ ತಿರುಗೋ ಜನ..."

ಅಷ್ಟರಲ್ಲಿ ನೆಲ ಒರೆಸುತ್ತಿದ್ದ ಸಾಬಮ್ಮ ತಲೆಯೆತ್ತಿದಳು. "ಎಲ್ಲೂ ಹೋಗಿಲ್ರಿ ಯಪ್ಪಾ. ಗರುಡಾಚಾರ್‌ಪಾಳ್ಯದಾಗ ನಮ್ಮ ಖೋಲಿ ಬಾಜೂನೇ ಇಳಕೊಂಡಾರ. ನಮ್ಮ ಮಂದಿ ಎಲ್ಲಾ ದುಡಿಲಾಕ ಇಲ್ಲಿಗೇ ಬಂದಾರಲ್ರಿ, ಅದಕ್ಕ ಹೆಳವರ ಮುತ್ತಣ್ಣನೂ ರೈಲು ಹತ್ತಿ ಇಲ್ಲಿಗೇ ಬರ್ತಾನ. ನಿಮ್ಮ ನೀರಲಕೇರಿ ಮನಿಗೋಳ ವಂಶ ಹೇಳಾಂವ ಅವನೇ."

ಮುನಿರಾಜಪ್ಪ ತೊಡೆ ತಟ್ಟಿದ. "ನೋಡಿ, ದೇವರೇ ಕಳಿಸಿದಾನೆ!"

ಅವನು ಹೋದ ಮೇಲೆ ಸುಜಾತಾ ಅಪ್ಪನ ಮುಂದೆ ಬಂದು ನಿಂತಳು. "ಅಪ್ಪಾ, ನಿಜ ಹೇಳು. ದಂಡನಾಯಕರಾ?"

"ಇರಬಹುದಲ್ವಾ? ಇಲ್ಲ ಅಂತ ಯಾರಾದ್ರೂ ಹೇಳಿದಾರಾ?"

"ನೀನು ಸುಮ್ನೆ ಇದ್ದಿದ್ರೂ ಇವತ್ತಲ್ಲ ನಾಳೆ ಅವರು ಒಪ್ತಿದ್ರು. ಈಗ ಸುಳ್ಳು ಅಂತ ಗೊತ್ತಾದ್ರೆ ನನ್ನ ಮದುವೆ ಮುಗೀತು," ಎಂದಳು. ಹೆಂಡತಿ ನಾಗರತ್ನಾ ಒಗ್ಗರಣೆ ಸೌಟನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದಳು.

ಮರುದಿನ ಅಮೃತಪ್ಪನವರು ಮುತ್ತಣ್ಣನನ್ನು ಹುಡುಕಿಕೊಂಡು ಹೋದರು. ಎತ್ತೂ ಇಲ್ಲ, ಗಂಟೆಯೂ ಇಲ್ಲ. ಬಿಳಿ ಅಂಗಿ, ತಲೆಗೆ ಹಳದಿ ಪಟಗ, ಹೆಗಲಿಗೆ ಯಾವುದೋ ಸೀರೆ ಅಂಗಡಿಯ ಚೀಲ. ಇವರ ಮುಖ ಕಂಡದ್ದೇ ಎದ್ದು ನಿಂತ.

"ಬರ್ರಿ ಬರ್ರಿ. ಚಂದ್ರಾಮಪ್ಪನ ಮಗ ಹೌದಲ್ರಿ? ಆ ಮೂಗು ಎಲ್ಲಿದ್ರೂ ಗುರ್ತು ಸಿಗ್ತದ."

ಅಮೃತಪ್ಪನವರು ಅವನನ್ನು ಅಲ್ಲೇ ಹತ್ತಿರದ ಖಾನಾವಳಿಗೆ ಕರೆದುಕೊಂಡು ಹೋದರು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು ಎಲ್ಲ ಬಂದವು. ಮುತ್ತಣ್ಣ ಎರಡನೆಯ ರೊಟ್ಟಿ ಮುರಿಯುವ ಹೊತ್ತಿಗೆ ಮೆಲ್ಲಗೆ ಕೇಳಿದರು.

"ನಮ್ಮ ಹಿರಿಯರು ಏನ್ ಮಾಡ್ತಿದ್ರು?"

"ಖಾನಾವಳ್ಯಾಗ ಹೇಳೂ ಮಾತಲ್ರಿ ಅದು. ಮನಿ ಮುಂದ, ಮಂದಿ ಮುಂದ ಹೇಳ್ಬೇಕು."

"ಸರಿ, ಅಲ್ಲೇ ಹೇಳಿ. ಆದ್ರೆ ಎಲ್ಲಾದ್ರೂ ಒಂದು ಕಡೆ ದಂಡನಾಯಕ ಅನ್ನೋ ಮಾತು ಸೇರಿಸ್ಬೇಕು. ಮಗಳ ಮದುವೆ ವಿಷಯ ಮುತ್ತಣ್ಣ."

ಮುತ್ತಣ್ಣ ಮೊಸರಿಗೆ ಹಿಂಡಿ ಕಲಸಿದ. "ಆಯ್ತ್ರಿ, ಸೇರಸ್ತೀನಿ. ಆ ಮಾತು ಬರ್ತದ, ಚಿಂತಿ ಬಿಡ್ರಿ. ಆದ್ರ ನಮ್ಮದೊಂದು ನಡಾವಳಿ ಅದ. ಸುರು ಮಾಡಿದ್ ಮ್ಯಾಲ ಯಾರೂ ನಡುವ ನಿಲ್ಸಂಗಿಲ್ಲ. ನಿಲ್ಸಿದ್ರ ವಂಶ ಅಲ್ಲೇ ನಿಂತಂಗ."

"ನಾನ್ಯಾಕಪ್ಪ ನಿಲ್ಲಿಸ್ಲಿ!" ಎಂದು ಅಮೃತಪ್ಪನವರು ಖುಷಿಯಿಂದ ಇನ್ನೊಂದು ರೊಟ್ಟಿ ಹಾಕಿಸಿದರು. ಅಂದು ಮನೆಗೆ ವಾಪಸಾಗುವಾಗ ಅವರ ನಡಿಗೆಯಲ್ಲಿ ಸಣ್ಣದೊಂದು ಸೈನ್ಯವನ್ನು ಹಿಂದಿಟ್ಟುಕೊಂಡವರ ಗತ್ತಿತ್ತು. ತಿಪ್ಪೆಯ ಹತ್ತಿರದ ನಾಯಿಗಳೂ ದಾರಿ ಬಿಟ್ಟವು ಎಂದು ಅವರೇ ಆಮೇಲೆ ಹೇಳಿದ್ದಾರೆ.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ರಸ್ತೆಯೇ ಕಾಣಲಿಲ್ಲ. ಮುನಿರಾಜಪ್ಪ ಈ ಕಡೆಯ ಮೋರಿಯಿಂದ ಆ ಕಡೆಯ ಮೋರಿಯವರೆಗೆ ಶಾಮಿಯಾನ ಹಾಕಿಸಿದ್ದ. ತಳ್ಳುಗಾಡಿ ತರಕಾರಿಯವನು ಇದು ಯಾರ ಮನೆಯ ಸಾವು ಎಂದು ವಿಚಾರಿಸಿ ಬೈಸಿಕೊಂಡ. ಗೇಟಿನ ಪಕ್ಕ ಆಳೆತ್ತರದ ಫ್ಲೆಕ್ಸು. ಅದರಲ್ಲಿ ಕೈ ಮುಗಿದು ನಿಂತ ಮುನಿರಾಜಪ್ಪನ ಫೋಟೋ. ಕೆಳಗೆ, ‘ದಂಡನಾಯಕ ವಂಶೋದ್ಭವ ಶ್ರೀ ಅಮೃತಪ್ಪನವರಿಗೆ ಹಲಸೂರು ಬಂಧುಗಳ ಹಾರ್ದಿಕ ಸ್ವಾಗತ’. ತಮ್ಮ ಮನೆಗೆ ತಮ್ಮನ್ನೇ ಹಲಸೂರಿನವರು ಸ್ವಾಗತಿಸುತ್ತಿರುವುದನ್ನು ಓದಿ ಅಮೃತಪ್ಪನವರು ಒಳಗೆ ಹೋಗಬೇಕೋ ಹೊರಗೆ ನಿಲ್ಲಬೇಕೋ ತಿಳಿಯದೆ ಹೊಸಲಿನ ಮೇಲೇ ನಿಂತರು.

ಮುನಿರಾಜಪ್ಪ ಅವರನ್ನು ಕೈ ಹಿಡಿದು ಕರೆತಂದು, ಮದುವೆ ಮಂಟಪಗಳಿಗೆ ಬಾಡಿಗೆ ಹೋಗುವ ಕೆಂಪು ಸಿಂಹಾಸನದಲ್ಲಿ ಕೂರಿಸಿದ. ತಲೆಗೆ ಜರಿ ಪೇಟ ಇಟ್ಟ. ಕೈಗೆ ತಗಡಿನ ಕತ್ತಿ ಕೊಟ್ಟ. ಪೇಟ ಒಂದು ಅಳತೆ ದೊಡ್ಡದು, ಆಗಾಗ ಕಣ್ಣಿನ ಮೇಲೆ ಬರುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಮುನಿರಾಜಪ್ಪನ ತಾಯಿ ಪಿಳ್ಳಮ್ಮ, ಎಲೆಅಡಿಕೆ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಿಂದೆ ಲೋಹಿತ, ಹಲಸೂರಿನ ನೆಂಟರು, ಬಡಾವಣೆಯ ಜನ. ಮುಂದಿನ ಸಾಲಿನ ನಡುಮಧ್ಯೆ ವಾದಿರಾಜರು.

ಮುತ್ತಣ್ಣ ಬಂದ. ನಾಗರತ್ನಾ ಕಾಲಿಗೆ ನೀರು ಕೊಟ್ಟಳು. ಮೊರದಲ್ಲಿ ಜೋಳ ತುಂಬಿ ಮುಂದಿಟ್ಟಳು. ಅವನು ನಡಾವಳಿಯ ಮಾತನ್ನು ಸಭೆಗೆಲ್ಲ ಕೇಳುವಂತೆ ಇನ್ನೊಮ್ಮೆ ಹೇಳಿ, ಒಂದು ಕೈ ಕಿವಿಗಿಟ್ಟು ದನಿ ತೆಗೆದ.

"ಕೇಳ್ರೆಪೋ ಕೇಳ್ರಿ! ಮೂಲಪುರುಷ ಹಣಮಪ್ಪ! ಉಪ್ಪಿನ ಹೇರು ಎತ್ತಿನ ಮ್ಯಾಲ ಹೊರಿಸಿ ದೇಶ ತಿರುಗಿದಾತ!"

ಎಲ್ಲರೂ ಚಪ್ಪಾಳೆ ತಟ್ಟಿದರು.

"ಭೀಮಾ ಹೊಳಿ ಬಾಜೂ ಊರಾಗ ಇಳದಾತ! ತುಂಬಿದ ಹೊಳಿ ನಡಕೋತ ದಾಟ್ತೀನಿ ಅಂದಾತ! ದಾಟೂದು ನೋಡ್ಲಾಕ ಮಂದಿ ಹಾರ ತಗೊಂಡು ಬರೂದ್ರಾಗ, ಹಣಮಪ್ಪ ಕೋಳಿ ಕೂಗೂದ್ಕಿಂತ ಮೊದಲ ಊರು ಬಿಟ್ಟಾತ!"

ಚಪ್ಪಾಳೆ ಅರ್ಧಕ್ಕೆ ನಿಂತಿತು. ಮುನಿರಾಜಪ್ಪ ಬಗ್ಗಿ ಅಮೃತಪ್ಪನವರ ಕಿವಿಯಲ್ಲಿ, "ದಂಡನಾಯಕ ಯಾವಾಗ ಬರ್ತಾನೆ?" ಎಂದ.

"ಬರ್ತಾರೆ, ಬರ್ತಾರೆ," ಎಂದರು ಅಮೃತಪ್ಪನವರು ಪೇಟ ಮೇಲೆ ತಳ್ಳುತ್ತಾ.

"ಹಣಮಪ್ಪನ ಮಗ ಸಿದ್ದಪ್ಪ! ಎತ್ತಿಗೆ ಲಾಳ ಬಡದಾತ! ಗೌಡ್ರ ಹುಚ್ಚು ಹೋರಿ ನನ್ನ ಕಣ್ಣು ನೋಡಿದ್ರ ಕರು ಆಗ್ತದ ಅಂದಾತ! ಗೌಡ್ರು ಹೋರಿ ಬಿಚ್ಚಿದ್ರು! ಸಿದ್ದಪ್ಪ ಕೋಳಿ ಕೂಗೂತನಕ ಕಾಯ್ಲಿಲ್ಲ, ಹಾಡಹಗಲ ಊರು ಬಿಟ್ಟಾತ! ಹೋರಿ ಮುಂದಿನ ಊರ ಅಗಸಿ ಬಾಗಿಲತನಕ ಕಳಿಸಿ ಬಂತು!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಮೃತಪ್ಪನವರು ಮಜ್ಜಿಗೆ ಲೋಟ ಹಿಡಿದು ಎದ್ದರು. "ಮುತ್ತಣ್ಣ, ಸ್ವಲ್ಪ ಗಂಟಲು ಒದ್ದೆ ಮಾಡ್ಕೊಂಡು..."

"ಕೂತ್ಕೊಳ್ರೀ!" ಎಂದು ನಾಗರತ್ನಾ ಪಂಚೆಯ ಚುಂಗು ಹಿಡಿದು ಎಳೆದಳು. "ನಿಲ್ಲಿಸಿದ್ರೆ ವಂಶ ನಿಲ್ಲತ್ತಂತೆ. ಇರೋಳು ಒಬ್ಬಳೇ ಮಗಳು."

"ಸಿದ್ದಪ್ಪನ ಮಗ ಮಲ್ಲಪ್ಪ! ನೀರಲಕೇರಿಗೆ ಬಂದು ನಿಂತಾತ! ಕಾಲಾಗ ನೀರಿನ ಗುಣ ಅದ, ನಾ ನಿಂತಲ್ಲಿ ಅಗದ್ರ ಗಂಗಿ ಬರ್ತಾಳ ಅಂದಾತ! ಊರಿಗೆ ಊರೇ ಅಗೀತು! ಬಂಡಿಗಲ್ಲು ಬಂತು, ಗಂಗಿ ಬರ್ಲಿಲ್ಲ! ಮಲ್ಲಪ್ಪ ಕೋಳಿ ಕೂಗೂದ್ಕಿಂತ ಮೊದಲ..."

"ಊರು ಬಿಟ್ಟಾತ!" ಎಂದು ಹಲಸೂರಿನ ನೆಂಟರೇ ಒಕ್ಕೊರಲಿನಿಂದ ಮುಗಿಸಿಕೊಟ್ಟರು. ಅವರಿಗೆ ಈಗ ಲಯ ಸಿಕ್ಕಿತ್ತು.

"ಹೆಂಡ್ತಿ ಮಕ್ಕಳು ಅಲ್ಲೇ ಉಳದ್ರು! ಆಮ್ಯಾಲ ಆ ಗುಂಡ್ಯಾಗ ಮಳಿ ನೀರು ನಿಂತು ಕೆರಿ ಆತು! ಇವತ್ತಿಗೂ ಊರ ದನ ಅಲ್ಲೇ ನೀರು ಕುಡಿತಾವ! ಅದಕ್ಕ ಆ ಮನೀಗೆ ಊರಾಗ ಏನ್ ಹೆಸರು? ದೊಡ್ಡಮಾತಿನವರ ಮನಿ!"

ವಾದಿರಾಜರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದರು. ಅವರ ಭುಜಗಳು ಮಾತ್ರ ಕುಣಿಯುತ್ತಿದ್ದವು. ಮುನಿರಾಜಪ್ಪ ಎದ್ದು ನಿಂತ. ಮುಖ ಸಿಂಹಾಸನದ ಬಟ್ಟೆಯಷ್ಟೇ ಕೆಂಪಾಗಿತ್ತು.

"ಏನ್ರೀ ಇದು? ನಿಲ್ಸಿ! ದಂಡನಾಯಕ ಎಲ್ರೀ?"

"ಕೂತ್ಕೊಳ್ಳೋ ಮುನಿಯಾ," ಎಂದಳು ಪಿಳ್ಳಮ್ಮ. "ನಿಲ್ಲಿಸಬಾರದು ಅಂತ ಆಗ್ಲೇ ಹೇಳಿಲ್ವಾ? ನಿನ್ ಮಗ ಹೆಣ್ಣು ತರೋ ವಂಶ ಕಣೋ ಅದು. ನಂಗೆ ಚೆನ್ನಾಗೈತೆ. ನೀನು ಹೇಳಪ್ಪಾ."

ಮುತ್ತಣ್ಣನ ದನಿ ಸ್ವಲ್ಪ ತಗ್ಗಿತು.

"ಮಲ್ಲಪ್ಪನ ಮಗ ಚಂದ್ರಾಮಪ್ಪ. ಬೆಂಗಳೂರಾಗ ದೊಡ್ಡ ಸಾಹೇಬ ಆಗ್ತೀನಿ, ನಮ್ಮೂರಿಗೆ ಟೆಲಿಫೋನು ತರ್ತೀನಿ ಅಂದಾತ. ಅದು ತರೂತನಕ ಊರಿಗೆ ಕಾಲಿಡಂಗಿಲ್ಲ, ಊರ ಮಾರಿ ನೋಡಂಗಿಲ್ಲ ಅಂದಾತ. ಕೃಷ್ಣರಾಜಪುರದ ಟೇಶನ್ನಾಗ ಇಳದಾತ. ಕಾರ್ಖಾನ್ಯಾಗ ಸಾಮಾನು ಹೊತ್ತಾತ. ಊರು ಕಂಬ ನೆಟ್ಟು ಕಾದ್ಕೊಂಡು ಕುಂತಿತ್ತು. ತಂತಿ ಬರ್ಲಿಲ್ಲ, ಚಂದ್ರಾಮಪ್ಪನೂ ಬರ್ಲಿಲ್ಲ."

ಈಗ ಯಾರೂ ನಗಲಿಲ್ಲ. ಅಮೃತಪ್ಪನವರ ಕೈಯಲ್ಲಿದ್ದ ತಗಡಿನ ಕತ್ತಿ ಜಾರಿ ಕೆಳಗೆ ಬಿತ್ತು. ಊರಿನ ಮಾತು ಬಂದಾಗಲೆಲ್ಲ ಅಪ್ಪ ಎದ್ದು ಹೋಗಿ ನೀರು ಹಾಕುತ್ತಿದ್ದ ಗಿಡ ಕಾಂಪೌಂಡಿನ ಮೂಲೆಯಲ್ಲಿ ಇನ್ನೂ ಇತ್ತು. ಅದೊಂದು ಕರಿಬೇವಿನ ಗಿಡ, ಈಗ ಮರವಾಗಿತ್ತು. ಅವರು ಅದರ ಕಡೆ ತಿರುಗಿದರು.

"ಊರವ್ರಿಗೆ ಸಿಟ್ಟಿತ್ತಾ ಮುತ್ತಣ್ಣ?" ಎಂದು ಕೇಳಿದರು.

"ಎದರ ಸಿಟ್ರಿ? ಆ ಕಂಬಕ್ಕ ಈಗ ದೀಪ ಹಾಕ್ಯಾರ. ಚಂದ್ರಾಮಪ್ಪನ ಕಂಬ ಅಂತಾರ." ಮುತ್ತಣ್ಣ ಮತ್ತೆ ಕೈಯನ್ನು ಕಿವಿಗಿಟ್ಟ. "ಚಂದ್ರಾಮಪ್ಪನ ಮಗ ಅಮೃತಪ್ಪ! ನನ್ನ ಖಾನಾವಳಿಗೆ ಕರಕೊಂಡು ಹೋಗಿ, ರೊಟ್ಟಿ ಎಣಗಾಯಿ ಉಣಿಸಿ, ನಾವು ದಂಡನಾಯಕರು ಅಂತ ಹೇಳಪಾ ಅಂದಾತ!"

ಹೀಗೆ ಆ ಮಾತು ಕೊಟ್ಟ ಭರವಸೆಯಂತೆ ಸರಿಯಾಗಿ ಬಂತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಮುತ್ತಣ್ಣ ಕೈ ಇಳಿಸಿ, "ಇಷ್ಟಾಗೇದ್ರಿ. ಮುಂದಿಂದು ಇನ್ನೂ ಆಗಿಲ್ಲ. ಏನಾಗ್ತದ ನೋಡಿ ಮುಗಸ್ತೀನಿ," ಎಂದು ಜೋಳದ ಮೊರದ ಪಕ್ಕ ಕೂತುಬಿಟ್ಟ.

ಎಲ್ಲರ ಕಣ್ಣೂ ಅಮೃತಪ್ಪನವರ ಮೇಲೆ. ಅವರು ಎದ್ದರು. ಕಾಲುಗಳು ಮನೆತನದ ಪದ್ಧತಿಯಂತೆ ತಾವಾಗಿಯೇ ಗೇಟಿನ ಕಡೆ ನಡೆದವು. ಗೇಟಿನ ಹತ್ತಿರ ಚಪ್ಪಲಿ ಇತ್ತು. ಹೊಸಕೋಟೆಯಲ್ಲಿ ತಂಗಿಯ ಮನೆಯಿತ್ತು. ಹಳೆ ಮದರಾಸು ರಸ್ತೆಯಲ್ಲಿ ಹೊಸಕೋಟೆ ಬಸ್ಸಿಗೆ ಯಾವತ್ತೂ ಬರವಿಲ್ಲ. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೂ ಆಗಿತ್ತು.

"ಅಪ್ಪಾ," ಎಂದಳು ಸುಜಾತಾ. "ಎಲ್ಲಿಗೆ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಅಮೃತಪ್ಪನವರು ಒಂಟಿ ಚಪ್ಪಲಿಯಲ್ಲೇ ವಾಪಸು ಬಂದು, ಪೇಟ ತೆಗೆದು ಮುನಿರಾಜಪ್ಪನ ಕೈಯಲ್ಲಿಟ್ಟರು.

"ತಪ್ಪಾಯ್ತು ಬೀಗ್ರೇ. ನಾನು ಸ್ಟೋರ್ಸಲ್ಲಿ ನಟ್ಟು ಬೋಲ್ಟು ಕೊಡ್ತಿದ್ದೆ. ನಮ್ಮಪ್ಪ ಸಾಮಾನು ಹೊರ್ತಿದ್ರು. ಅದಕ್ಕೂ ಹಿಂದಿನದು ನನಗೂ ಇವತ್ತೇ ಗೊತ್ತಾಗಿದ್ದು. ದಂಡನಾಯಕ ನನ್ನ ಬಾಯಿಂದ ಬಂದಿದ್ದು. ಇದರಲ್ಲಿ ಮಗಳದ್ದೇನೂ ಇಲ್ಲ, ಅವಳ ಮೇಲೆ ಹಾಕ್ಬೇಡಿ."

"ಹಲಸೂರಿಗೆಲ್ಲ ಹೇಳ್ಕೊಂಡು ಬಂದಿದೀನಲ್ರೀ!" ಎಂದು ಮುನಿರಾಜಪ್ಪ ಪೇಟವನ್ನು ಎರಡೂ ಕೈಯಲ್ಲಿ ಹಿಂಡಿದ. "ಫ್ಲೆಕ್ಸು ಹಾಕ್ಸಿದೀನಿ! ನನ್ನ ಮುಖ ಎಲ್ಲಿಡ್ಲಿ? ಏಳಮ್ಮಾ, ಹೋಗೋಣ. ಈ ಮನೆ ಸಂಬಂಧ ಬೇಡ."

ಪಿಳ್ಳಮ್ಮ ಏಳಲಿಲ್ಲ. ಎಲೆಗೆ ಸುಣ್ಣ ಸವರುವುದನ್ನು ನಿಧಾನವಾಗಿ ಮುಗಿಸಿದಳು.

"ಲೋ ಮುನಿಯಾ, ನಿಮ್ಮಪ್ಪ ನಮ್ಮ ಅಂಗಡಿ ಬೋರ್ಡ್ ಮೇಲೆ ಏನಂತ ಬರೆಸಿದಾರೆ?"

ಮುನಿರಾಜಪ್ಪ ಪೇಟದ ಜರಿ ಸರಿಮಾಡತೊಡಗಿದ.

"ಹೇಳೋ."

"ಅರಮನೆ ಶಾಮಿಯಾನದವರು."

"ಯಾವ ಅರಮನೆ?"

ಮುನಿರಾಜಪ್ಪ ಶಾಮಿಯಾನದ ಝಾಲರಿಯನ್ನು ಮೊದಲ ಸಲ ನೋಡುವವನಂತೆ ನೋಡಿದ.

"ಆಯಪ್ಪ ಅರಮನೆ ಗೇಟೂ ನೋಡಿರ್ಲಿಲ್ಲ. ಬೋರ್ಡು ಇನ್ನೂ ಅಲ್ಲೇ ಐತೆ. ನಾವೂ ಅಲ್ಲೇ ಇದೀವಿ. ಇವರ ಮನೇಲೂ ಸುಳ್ಳು ಹೇಳ್ತಾರೆ, ಆದ್ರೆ ಸಿಕ್ಕಾಕ್ಕೊಂಡ್ರೆ ಊರೇ ಬಿಡ್ತಾರೆ. ನಾಚಿಕೆ ಇರೋ ಮನೆ ಕಣೋ ಇದು. ನಮ್ಮ ಮನೆಗೆ ಅದೊಂದು ಕಮ್ಮಿ ಇತ್ತು. ಹುಡುಗಿ ಬರ್ಲಿ." ಎಲೆ ಮಡಚಿ ಬಾಯಿಗಿಟ್ಟುಕೊಂಡು ಅಮೃತಪ್ಪನವರ ಕಡೆ ತಿರುಗಿದಳು. "ಆದ್ರೆ ಒಂದು ಮಾತು. ನೀನು ಊರು ಬಿಡೋಹಂಗಿಲ್ಲ. ಧಾರೆ ಎರೆಯೋಕೆ ಜನ ಬೇಕು. ಆ ಚಪ್ಲಿ ಬಿಡು ಮೊದ್ಲು."

ಅಮೃತಪ್ಪನವರು ಚಪ್ಪಲಿ ಬಿಟ್ಟರು. ನಾಗರತ್ನಾ ಅದನ್ನು ಎತ್ತಿಕೊಂಡು ಹೋಗಿ, ಇನ್ನೊಂದರ ಸಮೇತ, ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಲೋಹಿತ ಸುಜಾತಾಳ ಕಡೆ ನೋಡಿದ, ಅವಳು ಕಣ್ಣೊರೆಸಿಕೊಂಡು ನಕ್ಕಳು. ಮುನಿರಾಜಪ್ಪ ಪೇಟವನ್ನು ಸಿಂಹಾಸನದ ಮೇಲಿಟ್ಟು ಕೂತ. ಆಮೇಲೆ ಇಷ್ಟು ಜನಕ್ಕೆ ಮಾಡಿಸಿದ ಅಡುಗೆ ನೆನಪಾಗಿ, ತಾನೇ ಎದ್ದು ಎಲೆ ಹಾಕಿಸಿದ. ವಾದಿರಾಜರು ಮೊದಲ ಪಂಕ್ತಿಯಲ್ಲೇ ಕೂತರು. ಕಾಶಿಯ ಪಂಡಾ ಓದಿದ್ದರಲ್ಲಿ ಲೆಕ್ಕಾಧಿಕಾರಿ ಎಂಬ ಮಾತು ಇತ್ತೋ ಇಲ್ಲವೋ ಎಂದು ಯಾರೋ ಕೇಳಿದ್ದಕ್ಕೆ, ಪಾಯಸ ಚೆನ್ನಾಗಿದೆ ಎಂದರು.

ಊಟ ಮುಗಿದು ಎಲ್ಲರೂ ಕೈ ತೊಳೆದ ಮೇಲೆ ಮುತ್ತಣ್ಣ ಎದ್ದ. ಮೊರದ ಜೋಳವನ್ನು ಚೀಲಕ್ಕೆ ಸುರಿದುಕೊಂಡು, ಅಮೃತಪ್ಪನವರ ಬರಿಗಾಲನ್ನು ಒಮ್ಮೆ ನೋಡಿ, ಕೈಯನ್ನು ಕಿವಿಗಿಟ್ಟ.

"ಕೇಳ್ರೆಪೋ ಕೇಳ್ರಿ! ದೊಡ್ಡಮಾತಿನವರ ಮನಿ, ಚಂದ್ರಾಮಪ್ಪನ ಮಗ ಅಮೃತಪ್ಪ! ದಂಡನಾಯಕ ಅಂದಾತ! ಮಂದಿ ಮುಂದ ಸಿಕ್ಕಿಬಿದ್ದಾತ! ಊರು ಬಿಡ್ಲಿಲ್ಲ!"